ಕಡಲೂರಿನ ಬೀದಿಯಲ್ಲಿ ಕ್ಯಾಮರಾ



ಹೊಸ ಊರಿಗೆ ಹೋದವರು ಆ ಊರನ್ನು ಕಾಣುವ ಬಗೆ ಹಲವು. ದೇವಸ್ಥಾನವನ್ನೂ ಕೋಟೆಯನ್ನೂ ವಸ್ತುಪ್ರದರ್ಶನಾಲಯವನ್ನೂ ಮೊದಲೇ ಪಟ್ಟಿಮಾಡಿಕೊಂಡು, ಒಂದೊಂದನ್ನೇ ನೋಡಿ ಮುಗಿಸಿ, ಸಂಜೆಯ ಬಂಡಿಗೆ ಹಿಂದಿರುಗುವವರು ಕೆಲವರು. ಊಟದ ಮನೆಗಳನ್ನೇ ತೀರ್ಥಕ್ಷೇತ್ರಗಳೆಂದು ಭಾವಿಸಿ ಪ್ರದಕ್ಷಿಣೆ ಬರುವವರು ಇನ್ನು ಕೆಲವರು. ಅವರ ವಿಷಯದಲ್ಲಿ ನಮಗೆ ಗೌರವವೇ ಉಂಟು. ಈ ದಿನ ನಾವು ಹೇಳಹೊರಟಿರುವುದು ಮತ್ತೊಂದು ಬಗೆಯನ್ನು ಕುರಿತು. ಕೈಯಲ್ಲೊಂದು ಸಣ್ಣ ಕ್ಯಾಮರಾ ಹಿಡಿದು, ಇಂಥಲ್ಲಿಗೇ ಹೋಗಬೇಕೆಂಬ ಗುರಿಯಿಲ್ಲದೆ, ಬೀದಿ ಕರೆದುಕೊಂಡು ಹೋದ ಕಡೆಗೆ ಹೋಗುತ್ತ, ಕಣ್ಣಿಗೆ ಬಿದ್ದುದನ್ನು ಚಿತ್ರವಾಗಿ ಹಿಡಿಯುವುದು. ಬೀದಿಯ ಛಾಯಾಗ್ರಹಣವೆಂದು ಇದನ್ನು ಕರೆಯುತ್ತಾರೆ.

ಇದು ಕೆಲಸವಿಲ್ಲದವರ ವಿನೋದವೆಂದು ಕೆಲವರಿಗೆ ತೋರಬಹುದು. ಕೆಲಸವಿಲ್ಲದೆ ಅಲೆಯುವುದು ಇದರ ಮೊದಲನೆಯ ನಿಯಮವಾದ್ದರಿಂದ ಆ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೀದಿಯಲ್ಲಿ ಕಣ್ಣಿಗೆ ಬೀಳುವುದು ಕಲ್ಲು ಮಣ್ಣು ಮರಗಳು ಮಾತ್ರವಲ್ಲ, ಮನುಷ್ಯರು. ಅವರಲ್ಲಿ ಬಹುಮಂದಿ ದುಡಿಯುತ್ತಿರುವವರು, ನಾವೋ ಸುತ್ತುತ್ತಿರುವವರು. ಅವರ ಮುಖವನ್ನು ಅವರಿಗೆ ತಿಳಿಯದಂತೆ ತೆಗೆದುಕೊಂಡು ಮನೆಗೆ ಬರುವ ಅಧಿಕಾರ ನಮಗೆ ಎಲ್ಲಿಂದ ಬಂದಿತು? ಕೈಯಲ್ಲಿ ಫೋನು ಇರುವವರೆಲ್ಲರೂ ಛಾಯಾಚಿತ್ರಕಾರರಾಗಿರುವ ಈ ಕಾಲದಲ್ಲಿ ಈ ಪ್ರಶ್ನೆ ಯಾರಿಗೂ ಹೊರಗಿನದಲ್ಲ.

ಉದಾಹರಣೆಗೆ ನಾವು ಆರಿಸಿಕೊಂಡಿರುವುದು ಮಂಗಳೂರನ್ನು. ಘಟ್ಟದ ಮೇಲಿನವರಾದ ನಮಗೆ ಆ ಊರು ನೆಂಟರ ಮನೆಯೂ ಹೌದು, ಪರಸ್ಥಳವೂ ಹೌದು. ಇಂಗ್ಲಿಷಿನಲ್ಲಿಯೂ ಅದನ್ನು ಮಂಗಳೂರೆಂದೇ ಬರೆಯಬೇಕೆಂದು ಸರ್ಕಾರ ಗೊತ್ತುಮಾಡಿದ್ದು 2014ರಲ್ಲಿ. ಊರಿನವರಿಗೆ ಅಷ್ಟು ಸಾಲದು. ತುಳುವರು ಅದನ್ನು ಕುಡ್ಲ ಎನ್ನುತ್ತಾರೆ, ಕೊಂಕಣಿಯವರು ಕೊಡಿಯಾಲ ಎನ್ನುತ್ತಾರೆ, ಬ್ಯಾರಿಗಳು ಮೈಕಾಲ ಎನ್ನುತ್ತಾರೆ. ಹಂಪನಕಟ್ಟೆಯಿಂದ ಬಂದರಿನವರೆಗೆ ಅರ್ಧ ಗಂಟೆ ನಡೆದರೆ ಈ ಮೂರು ಭಾಷೆಗಳ ಜೊತೆಗೆ ಕನ್ನಡ ಮಲೆಯಾಳಗಳೂ ಕಿವಿಗೆ ಬೀಳುತ್ತವೆ. ಹೆಸರೇ ನಾಲ್ಕಾಗಿರುವ ಊರಿಗೆ ಮುಖ ಒಂದೇ ಇರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಕಡಲೂರೆಂದು ಕೇಳಿ ಬಂದವರಿಗೆ ಮೊದಲ ದಿನ ಒಂದು ನಿರಾಶೆ ಕಾದಿರುತ್ತದೆ. ಪೇಟೆಯ ಬೀದಿಗಳಲ್ಲಿ ಎಷ್ಟು ಸುತ್ತಿದರೂ ಕಡಲು ಕಾಣಿಸುವುದಿಲ್ಲ. ತೆಂಕಣಿಂದ ನೇತ್ರಾವತಿಯೂ ಬಡಗಣಿಂದ ಗುರುಪುರದ ಹೊಳೆಯೂ ಬಂದು ಒಂದೇ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತವೆ; ಹೊಳೆಗೂ ಕಡಲಿಗೂ ನಡುವೆ ಬೆಂಗ್ರೆ ಎಂಬ ಮರಳಿನ ಪಟ್ಟಿ ಉದ್ದಕ್ಕೆ ಮಲಗಿದೆ. ಹಳೆಯ ಬಂದರು ಇರುವುದು ಹೊಳೆಯ ದಡದಲ್ಲಿ. ದೊಡ್ಡ ಹಡಗುಗಳ ವ್ಯವಹಾರವೆಲ್ಲ ಬಡಗಣ ಪಣಂಬೂರಿಗೆ, 1974ರಲ್ಲಿ ಮುಖ್ಯ ಬಂದರೆಂದು ಘೋಷಿತವಾದ ಹೊಸ ಬಂದರಿಗೆ, ಹೋಯಿತು. ಹಳೆಯದಕ್ಕೆ ಉಳಿದದ್ದು ಮೀನಿನ ದೋಣಿಗಳು, ಮಂಜಿಗಳು, ಉಗ್ರಾಣಗಳು, ಹೊರೆಯಾಳುಗಳು. ಚಿತ್ರ ತೆಗೆಯುವವನ ದೃಷ್ಟಿಯಿಂದ ಇದು ನಷ್ಟವಲ್ಲ. ಹೊಸ ಬಂದರಿನಲ್ಲಿ ಯಂತ್ರಗಳು ಮಾಡುವ ಕೆಲಸವನ್ನು ಹಳೆಯದರಲ್ಲಿ ಇನ್ನೂ ಬಹುಮಟ್ಟಿಗೆ ಕೈಗಳು ಮಾಡುತ್ತವೆ, ಕೈಗಳನ್ನು ನೋಡುವುದಕ್ಕೆಂದೇ ಅಲ್ಲವೆ ನಾವು ಹೋಗುವುದು? ಮೇಲಾಗಿ ಹೊಸ ಬಂದರಿನಂಥ ಕಾವಲಿನ ಸ್ಥಳಗಳಲ್ಲಿ ಅಪ್ಪಣೆಯಿಲ್ಲದೆ ಕ್ಯಾಮರಾ ಎತ್ತುವುದು ವಿನೋದವಾಗಿ ಮುಗಿಯುವುದಿಲ್ಲ.

ಸಾಧನಗಳ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಇದರಲ್ಲಿ ಮುಳುಗಿದವರು ಬೀದಿಗೆ ಹೊರಡುವುದೇ ಅಪರೂಪ. ಸಿನಿಮಾದ 35 ಮಿಲಿಮೀಟರಿನ ಸುರುಳಿಯನ್ನೇ ಉಪಯೋಗಿಸುವ ಕೈಕ್ಯಾಮರಾವನ್ನು ಜರ್ಮನಿಯ ಆಸ್ಕರ್ ಬಾರ್ನಾಕ್ ರೂಪಿಸಿದನು. ಲೈಕಾ ಎಂಬ ಹೆಸರಿನಿಂದ ಅದು ಮಾರಾಟಕ್ಕೆ ಬಂದದ್ದು 1925ರಲ್ಲಿ. ಮುಕ್ಕಾಲಿಯನ್ನೂ ಕರಿಯ ಬಟ್ಟೆಯನ್ನೂ ಹೊತ್ತು ನಡೆಯುತ್ತಿದ್ದ ವಿದ್ಯೆ ಅಂದು ಅಂಗಿಯ ಜೇಬಿಗೆ ಇಳಿಯಿತು. ಅಂಥ ಕ್ಯಾಮರಾದಲ್ಲಿ 35 ಮಿಲಿಮೀಟರಿನ ಮಸೂರವನ್ನು ತೊಡಿಸಿ, ಬೆಳಕಿನ ಕಿಂಡಿಯನ್ನು 8ನೆಯ ಗುರುತಿಗೆ ಕಿರಿದುಮಾಡಿ, ದೂರದ ಮುಳ್ಳನ್ನು 5 ಮೀಟರಿನ ಬಳಿ ನಿಲ್ಲಿಸಿದರೆ, ಸುಮಾರು ಎರಡೂವರೆ ಮೀಟರಿನಿಂದ ಆಚೆಗೆ ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡುತ್ತದೆ. ಆಮೇಲೆ ಕ್ಯಾಮರಾದ ಯೋಚನೆ ಬೇಡ. ಕಣ್ಣನ್ನು ಬೀದಿಯ ಮೇಲೆ ಇಟ್ಟಿದ್ದರಾಯಿತು. ಈಗಿನ ಫೋನುಗಳು ಇದನ್ನೆಲ್ಲ ತಾವೇ ಮಾಡಿಕೊಳ್ಳುತ್ತವೆ. ಹಾಗಿದ್ದರೂ ಈ ಲೆಕ್ಕವನ್ನು ತಿಳಿದವನು ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದನ್ನು ಕಾಲಿನಿಂದಲೇ ಬಲ್ಲನು.

ಬೆಳಕಿನ ಮಾತು ಬೇರೆ. ಅದನ್ನು ಯಾವ ಯಂತ್ರವೂ ತಂದುಕೊಡಲಾರದು. ಮಂಗಳೂರು ಇರುವುದು ವಿಷುವದ್ರೇಖೆಯಿಂದ ಹದಿಮೂರು ಡಿಗ್ರಿಗೆ ತುಸು ಕಡಿಮೆಯಾದ ಅಕ್ಷಾಂಶದಲ್ಲಿ. ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿಯೂ ಆಗಸ್ಟಿನ ನಡುವೆಯೂ ಸೂರ್ಯನು ಅಲ್ಲಿ ಮಧ್ಯಾಹ್ನ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ನಿಂತವನ ನೆರಳು ಅವನ ಕಾಲಡಿಯಲ್ಲಿ ಅಡಗಿಹೋಗುತ್ತದೆ. ಆ ಹೊತ್ತಿನಲ್ಲಿ ತೆಗೆದ ಮುಖಗಳಿಗೆಲ್ಲ ಕಣ್ಣಿನ ಗುಳಿಗಳು ಮಸಿ ಬಳಿದಂತೆ ಕಪ್ಪಾಗುತ್ತವೆ. ಆದ್ದರಿಂದ ಬಲ್ಲವರು ಬೆಳಗ್ಗೆ ಒಂಬತ್ತರೊಳಗೆ ಒಂದು ಸುತ್ತು ಮುಗಿಸಿ, ಮಧ್ಯಾಹ್ನವನ್ನು ಊಟಕ್ಕೂ ನಿದ್ರೆಗೂ ಒಪ್ಪಿಸಿ, ನಾಲ್ಕೂವರೆಯ ಮೇಲೆ ಮತ್ತೆ ಹೊರಡುತ್ತಾರೆ. ಗುಡ್ಡದ ಮೇಲಿನಿಂದ ಬಂದರಿನ ಕಡೆಗೆ ಇಳಿಯುವ ಓಣಿಗಳು ಪಡುವಣಕ್ಕೆ ತೆರೆದಿರುವುದರಿಂದ, ಸಂಜೆಯ ಬಿಸಿಲು ಕಡಲಿನ ಮೇಲಿನಿಂದ ಓಣಿಯ ಉದ್ದಕ್ಕೂ ಅಡ್ಡವಾಗಿ ಹತ್ತಿ ಬರುತ್ತದೆ. ಕೆಂಪುಕಲ್ಲಿನ ಗೋಡೆ, ಅದರ ಮೇಲೆ ಕೆಂಪು ಹಂಚು, ಅದರ ಮೇಲೆ ಆ ಬೆಳಕು. ಆ ಅರ್ಧ ಗಂಟೆಯಲ್ಲಿ ಕೆಟ್ಟ ಚಿತ್ರ ತೆಗೆಯುವುದಕ್ಕೂ ಸ್ವಲ್ಪ ಪ್ರಯತ್ನ ಬೇಕು.

ಮಳೆಗಾಲವನ್ನು ಕಂಡು ಹೆದರಬೇಕಾದುದಿಲ್ಲ. ವರ್ಷಕ್ಕೆ 3500 ಮಿಲಿಮೀಟರಿಗೂ ಮೇಲ್ಪಟ್ಟು, ಎಂದರೆ ಮೈಸೂರಿನಲ್ಲಿ ಬೀಳುವುದರ ನಾಲ್ಕು ಪಾಲಿಗೂ ಹೆಚ್ಚು, ಮಳೆ ಬೀಳುವ ಊರು ಮಳೆಗೆ ಹೊಂದಿಕೊಂಡೇ ಬದುಕುತ್ತದೆ. ಮೋಡದ ಬೆಳಕು ಮೃದುವಾದದ್ದು; ತೊಯ್ದ ಬೀದಿ ಕನ್ನಡಿಯಾಗುತ್ತದೆ; ಕೊಡೆ ಹಿಡಿದವರು ತಾವು ಯಾರ ಕಣ್ಣಿಗೂ ಬೀಳುತ್ತಿಲ್ಲವೆಂದು ನಂಬಿ ಸಹಜವಾಗಿ ನಡೆಯುತ್ತಾರೆ. ಕಷ್ಟವಿರುವುದು ಮಸೂರಕ್ಕೆ. ತಣ್ಣಗಿನ ಕೋಣೆಯಿಂದ ಹೊರಕ್ಕೆ ತಂದ ಕೂಡಲೇ ಅದರ ಮೇಲೆ ಆವಿ ಕಟ್ಟುತ್ತದೆ. ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಮರೆತರೆ ಬೂಷ್ಟು ಹಿಡಿಯುತ್ತದೆ. ಒಂದು ಪೊಟ್ಟಣ ಸಿಲಿಕಾ ಜೆಲ್ ಇಟ್ಟುಕೊಂಡರೆ ಮುಗಿಯಿತು.

ಈಗ ಮನುಷ್ಯರ ವಿಷಯಕ್ಕೆ ಬರೋಣ. ಫ್ರಾನ್ಸಿನ ಹಾನ್ರಿ ಕಾರ್ತಿಯೇ-ಬ್ರೆಸ್ಸೋನ್ ಎಂಬ ಮಹಾಶಯನ ಹೆಸರನ್ನು ತಮ್ಮಲ್ಲಿ ಅನೇಕರು ಕೇಳಿರಬಹುದು. 1947-48ರಲ್ಲಿ ಭಾರತದಲ್ಲಿದ್ದು, 1948ರ ಜನವರಿ 30ರಂದು ಗಾಂಧೀಜಿಯವರ ಚಿತ್ರಗಳನ್ನು ಅವರ ಮರಣಕ್ಕೆ ಕೆಲವೇ ಘಂಟೆಗಳ ಮೊದಲು ತೆಗೆದವನು ಆತನೇ. ತನ್ನ ಲೈಕಾದ ಹೊಳೆಯುವ ಭಾಗಗಳು ಯಾರ ಕಣ್ಣನ್ನೂ ಸೆಳೆಯಬಾರದೆಂದು ಅವುಗಳ ಮೇಲೆ ಕಪ್ಪು ಪಟ್ಟಿಯನ್ನು ಅಂಟಿಸಿಕೊಳ್ಳುತ್ತಿದ್ದನಂತೆ. ಆತನನ್ನು ಗುರುವಾಗಿ ಭಾವಿಸಿದವರೆಲ್ಲರೂ ಬೀದಿಯಲ್ಲಿ ಅದೃಶ್ಯರಾಗುವುದೇ ಈ ವಿದ್ಯೆಯ ಸಿದ್ಧಿಯೆಂದು ಬಗೆದಿದ್ದಾರೆ. ಪ್ಯಾರಿಸ್ಸಿನಲ್ಲಿ ಅದು ಸಾಧ್ಯವಿದ್ದೀತು. ಮಂಗಳೂರಿನ ದಕ್ಕೆಯಲ್ಲಿ ಮೂರು ಹೆಜ್ಜೆ ಇಡುವುದರೊಳಗೆ ನೀವು ಯಾವ ಊರಿನವರು, ಯಾವ ಕೆಲಸದವರು, ಮೀನು ಕೊಳ್ಳುವವರೋ ಅಲ್ಲವೋ ಎಂಬುದು ಎಲ್ಲರಿಗೂ ತಿಳಿದುಹೋಗಿರುತ್ತದೆ. ಅದೃಶ್ಯನಾಗುವ ಹಂಬಲವನ್ನು ಬಿಟ್ಟು, ಕಾಣಿಸಿಕೊಂಡೇ ಕೆಲಸ ಮಾಡುವುದು ಅಲ್ಲಿ ಬುದ್ಧಿವಂತಿಕೆ. ನಮಗೆ ಅದು ಮರ್ಯಾದೆಯೂ ಎಂದು ತೋರುತ್ತದೆ.

ದಕ್ಕೆಯೆಂದರೆ ಮೀನಿನ ದೋಣಿಗಳು ಬಂದು ನಿಲ್ಲುವ ಕಟ್ಟೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗೆ ಇಳಿಯಬಾರದೆಂಬ ಕಟ್ಟಳೆಯಿದೆ. ಮೀನು ಮರಿಮಾಡುವ ಕಾಲ ಅದು. ಆ ಎರಡು ತಿಂಗಳಲ್ಲಿ ದೋಣಿಗಳು ಒಂದಕ್ಕೊಂದು ಒರಗಿ ಮಲಗಿರುತ್ತವೆ, ಬಲೆ ಹೆಣೆಯುವವರ ಬೆರಳುಗಳು ಮಾತ್ರ ಆಡುತ್ತಿರುತ್ತವೆ. ಉಳಿದ ಕಾಲದಲ್ಲಿ ಬೆಳಗಿನ ಜಾವಕ್ಕೇ ಅಲ್ಲಿ ಹಗಲು. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ ಎಂದು ಹೆಸರು ಹಿಡಿದು ಏಲಂ ಕೂಗುವವರು, ಮಂಜುಗಡ್ಡೆ ಒಡೆಯುವವರು, ಬುಟ್ಟಿ ತುಂಬಿಸಿಕೊಂಡು ಬಸ್ಸಿಗೆ ಓಡುವ ಹೆಂಗಸರು. ಒಂದು ಸಾರಿ ನಾವು ಅಲ್ಲಿ, ಬುಟ್ಟಿಯ ಮುಂದೆ ಕುಳಿತಿದ್ದ ನಡುವಯಸ್ಸಿನ ಒಬ್ಬಾಕೆಯನ್ನು, "ಅಕ್ಕಾ, ನಿಮ್ಮದೊಂದು ಪಟ ತೆಗೆಯಲೆ?" ಎಂದು ಕೇಳಿದೆವು. ಆಕೆ ಮೀನು ಹೊದಿಸಿದ್ದ ಗೋಣಿಯನ್ನು ಸರಿಸಿ, "ನನ್ನ ಪಟ ಎಂತಕ್ಕೆ ಮಾರಾಯ್ರೆ? ಅಂಜಲಿನದ್ದು ತೆಗೆಯಿರಿ, ಅದಕ್ಕೆ ಬೆಲೆ ಉಂಟು" ಎಂದಳು. ಸುತ್ತಲಿದ್ದವರು ನಕ್ಕರು, ಆಕೆಯೂ ನಕ್ಕಳು, ಆ ನಗೆಯಲ್ಲಿಯೇ ನಮ್ಮ ಚಿತ್ರವಾಯಿತು. ಪಕ್ಕದಲ್ಲಿದ್ದ ಇನ್ನೊಬ್ಬಾಕೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ಆ ಕಡೆ ತಿರುಗಿದಳು. ಎರಡು ಹೆಜ್ಜೆ ಎಡಕ್ಕೆ ಸರಿದು ಆಕೆಯನ್ನು ಚೌಕಟ್ಟಿನಿಂದ ಹೊರಗಿಟ್ಟೆವು.

ಮುಂದಿನ ಸಾರಿ ಹೋದಾಗ ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ ತೆಗೆದುಕೊಂಡು ಹೋಗಿದ್ದೆವು. ಆಕೆ ಕೈ ಒರಸಿಕೊಂಡು ಅದನ್ನು ದೂರ ಹಿಡಿದು ನೋಡಿ, "ಬುಟ್ಟಿ ಅರ್ಧವೇ ಬಂದದ್ದಲ್ಲ" ಎಂದು ಮೊದಲ ವಿಮರ್ಶೆಯನ್ನು ನುಡಿದಳು. ವಿಮರ್ಶೆ ಸರಿಯಾಗಿಯೇ ಇತ್ತೆಂದು ಒಪ್ಪಬೇಕು. ಆಮೇಲೆ ಚಿತ್ರ ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋಗಿ, ಮೀನಿನ ಹುರುಪೆಯನ್ನೂ ಮಂಜಿನ ನೀರನ್ನೂ ಅಂಟಿಸಿಕೊಂಡು ಹಿಂದಕ್ಕೆ ಬಂತು. "ಕಾಗದದ್ದು ಮನೆಗೆ ಇರಲಿ, ಮಗನ ಫೋನಿಗೂ ಒಂದು ಕಳಿಸಿ" ಎಂಬ ಅಪ್ಪಣೆಯೂ ಆಯಿತು. ಅಂದು ಸೆರಗು ಎಳೆದುಕೊಂಡಿದ್ದಾಕೆ ತಾನಾಗಿಯೇ ಕೇಳಿದಳು: "ನನ್ನದೊಂದು ತೆಗೆಯಿರಿ, ಆದರೆ ಇಲ್ಲಿ ಅಲ್ಲ, ನಾಡಿದ್ದು ದೇವಸ್ಥಾನಕ್ಕೆ ಹೋಗುವಾಗ."

ಈ ಕೊನೆಯ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ನಾವು ನೋಡಬಯಸುವುದು ಅವರ ದುಡಿಮೆಯ ಮುಖವನ್ನು. ಅವರು ತೋರಿಸಬಯಸುವುದು ಮಿಂದು ಹೂ ಮುಡಿದ ಮುಖವನ್ನು. ಕೇಳಿ ತೆಗೆದರೆ ಸಹಜತೆ ಕೆಡುತ್ತದೆ, ಜನ ನೆಟ್ಟಗೆ ನಿಂತು ಅಂಗಿ ಸರಿಮಾಡಿಕೊಳ್ಳುತ್ತಾರೆ ಎಂದು ಛಾಯಾಚಿತ್ರಕಾರರು ದೂರುತ್ತಾರೆ. ಒಬ್ಬ ಮನುಷ್ಯ ತಾನು ಹೇಗೆ ಕಾಣಬೇಕೆಂದು ಇಚ್ಛಿಸುತ್ತಾನೆಂಬುದೂ ಅವನ ವಿಷಯದಲ್ಲಿ ಒಂದು ಸತ್ಯವೇ ಅಲ್ಲವೆ? ಅದನ್ನು ಕೆಡುಕೆಂದು ಏಕೆ ಎಣಿಸಬೇಕು? ಎಲ್ಲವನ್ನೂ ಕೇಳಿಯೇ ತೆಗೆಯಬೇಕೆಂದು ನಾವು ವಾದಿಸುತ್ತಿಲ್ಲ. ಬಸ್ಸು ಹತ್ತುವ ಗುಂಪು, ರಥಬೀದಿಯಲ್ಲಿ ಮಲ್ಲಿಗೆಯ ಚೆಂಡನ್ನು ಅಟ್ಟೆಯನ್ನು ಚೌಕಾಸಿ ಮಾಡುವ ಕೈಗಳು, ಬೆಂಗ್ರೆಗೆ ಹೊಳೆ ದಾಟುವ ದೋಣಿಯಲ್ಲಿ ಸೈಕಲ್ ಹಿಡಿದು ನಿಂತ ಹುಡುಗರು: ಇವರನ್ನೆಲ್ಲ ಕೇಳುತ್ತ ಕುಳಿತರೆ ಕ್ಷಣ ಕಳೆದುಹೋಗುತ್ತದೆ. ಅಂಥಲ್ಲಿ ಮೊದಲು ತೆಗೆದು ಆಮೇಲೆ ತೋರಿಸುವುದು ನಮ್ಮ ಪದ್ಧತಿ. ಬೇಡವೆಂದರೆ ಅವರೆದುರಿಗೇ ಅಳಿಸಿಬಿಡಬೇಕು. ಇದು ಸುರುಳಿಯ ಕಾಲದಲ್ಲಿ ಆಗದಿದ್ದ ಉಪಕಾರ. ಈಗಿನ ಕ್ಯಾಮರಾ ಅದನ್ನು ಸುಲಭಮಾಡಿದೆ.

ಹೆಸರಿನ ವಿಷಯಕ್ಕೆ ಇದಕ್ಕಿಂತ ಹೆಚ್ಚಿನ ಗಮನ ಬೇಕು. 1857ರ ದಂಗೆ ಅಡಗಿದ ಮೇಲೆ, ಆಳುವವರಿಗೆ ಆಳಿಸಿಕೊಳ್ಳುವವರ ಪರಿಚಯ ಬೇಕೆನಿಸಿ, ಭಾರತದ ಜನರನ್ನು ಕುರಿತ ಎಂಟು ಸಂಪುಟಗಳ ಒಂದು ಚಿತ್ರಗ್ರಂಥವು 1868ರಿಂದ 1875ರವರೆಗೆ ಪ್ರಕಟವಾಯಿತು. ಅದರಲ್ಲಿ ನೂರಾರು ಮುಖಗಳಿವೆ. ಬಹುಪಾಲಿನವಕ್ಕೆ ಕೆಳಗೆ ಬರೆದಿರುವುದು ಜಾತಿಯ ಹೆಸರು, ಕುಲದ ಹೆಸರು, ಕಸುಬಿನ ಹೆಸರು, ಮನುಷ್ಯನ ಹೆಸರಲ್ಲ. ಗಿಡಮೂಲಿಕೆಗಳ ಸಂಗ್ರಹದಲ್ಲಿ ಎಲೆಗಳಿಗೆ ಚೀಟಿ ಅಂಟಿಸಿದಂತೆ. ನಮ್ಮ ಕಾಲದಲ್ಲಿ, ನಮ್ಮವರೇ ತೆಗೆದ ಚಿತ್ರಗಳ ಕೆಳಗೆ "ಮೀನು ಮಾರುವ ಮುದುಕಿ," "ಕರಾವಳಿಯ ಕೂಲಿಗಾರ" ಎಂಬ ಬರಹಗಳನ್ನು ಕಂಡಾಗ, ಆ ಎಂಟು ಸಂಪುಟಗಳು ಮುಗಿದೇ ಇಲ್ಲವೇನೋ ಎಂಬ ಸಂಶಯ ಬರುತ್ತದೆ. ಆಕೆಗೆ ಹೆಸರಿತ್ತು, ಕೇಳಿದ್ದರೆ ಹೇಳುತ್ತಿದ್ದಳು. ಪ್ರಕಟಿಸುವುದು ಬಿಡುವುದು ಬೇರೆ ಮಾತು. ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳುವುದಕ್ಕೆ ಏನಡ್ಡಿ?

ಮಂಗಳೂರಿನ ಹಳೆಯ ಚಿತ್ರಗಳ ಕಥೆಯೂ ಇದಕ್ಕೆ ಸೇರಿದ್ದೇ. 1834ರಲ್ಲಿ ಆ ಊರಿಗೆ ಬಂದ ಬಾಸೆಲ್ ಮಿಷನ್ನಿನವರು ಶಾಲೆ, ಅಚ್ಚುಕೂಟ, ನೇಯ್ಗೆಯ ಕಾರ್ಖಾನೆಗಳ ಜೊತೆಗೆ ಕ್ಯಾಮರಾವನ್ನೂ ತಂದರು. ಕನ್ನಡದ ಮೊದಲ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೆರ್ಮನ್ ಮೋಗ್ಲಿಂಗ್ ಹೊರಡಿಸಿದ್ದು 1843ರಲ್ಲಿ, ಆ ಊರಿನಿಂದಲೇ ಎಂಬುದನ್ನು ತಾವು ಬಲ್ಲಿರಿ. ಅವರು ತೆಗೆದ ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಫ್ತರಖಾನೆಯಲ್ಲಿ ಜೋಪಾನವಾಗಿವೆ; ಈಚೆಗೆ ಅವನ್ನು ಗಣಕದ ಮೂಲಕ ಎಲ್ಲರೂ ನೋಡುವಂತೆ ಮಾಡಿದ್ದಾರೆ. ಜೋಪಾನಮಾಡಿದವರಿಗೆ ಕೃತಜ್ಞತೆ ಸಲ್ಲಬೇಕು. ಆದರೂ ನಮ್ಮ ಕರಾವಳಿಯ ಅಜ್ಜ ಅಜ್ಜಿಯರ ಮುಖವನ್ನು ಕಾಣಲು ಆಲ್ಪ್ಸ್ ಪರ್ವತದ ತಪ್ಪಲಿನ ಕಡೆಗೆ ತಿರುಗಬೇಕಾಗಿರುವುದು ಯೋಚಿಸತಕ್ಕ ವಿಷಯ.

ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯದ ಶಾಸನದಲ್ಲಿ ಒಂದು ಸ್ವಾರಸ್ಯವಿದೆ. ನೀವು ಅಂಗಡಿಗೆ ಹೋಗಿ, ಹಣ ಕೊಟ್ಟು, ನಿಮ್ಮ ಭಾವಚಿತ್ರವನ್ನು ತೆಗೆಸಿದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಅದರ ಸ್ವಾಮ್ಯ ನಿಮ್ಮದು. ಬೀದಿಯಲ್ಲಿ ಹೋಗುತ್ತಿರುವಾಗ ಯಾರೋ ನಿಮ್ಮ ಚಿತ್ರ ತೆಗೆದರೆ ಅದರ ಸ್ವಾಮ್ಯ ತೆಗೆದವನದು. ಹಣ ಕೊಡಬಲ್ಲವನ ಮುಖ ಅವನ ಸ್ವತ್ತು, ಕೊಡಲಾರದವನ ಮುಖ ಕಂಡವರ ಸ್ವತ್ತು ಎಂದು ಶಾಸನಕಾರರು ಎಣಿಸಿರಲಾರರು. ವ್ಯವಹಾರದಲ್ಲಿ ಆಗುವುದು ಹೆಚ್ಚುಕಡಿಮೆ ಅದೇ. ಇನ್ನೊಂದು ಕಡೆ, ಮನುಷ್ಯನ ಖಾಸಗಿತನವು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ಏಕಕಂಠದಿಂದ ಸಾರಿದರು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಸಾರ್ವಜನಿಕ ಸ್ಥಳದಲ್ಲಿ ನಿಂತ ಮಾತ್ರಕ್ಕೆ ಮನುಷ್ಯನು ತನ್ನ ಖಾಸಗಿತನವನ್ನು ಕಳೆದುಕೊಂಡಂತಲ್ಲ ಎಂಬ ಅಭಿಪ್ರಾಯವೂ ಆ ತೀರ್ಪಿನಲ್ಲಿದೆ. ಬೀದಿ ಎಲ್ಲರದು, ಆದ್ದರಿಂದ ಬೀದಿಯಲ್ಲಿರುವ ಮುಖವೂ ಎಲ್ಲರದು ಎಂಬ ವಾದ ಇನ್ನು ಅಷ್ಟು ಸಲೀಸಾಗಿ ನಡೆಯಲಾರದು.

ಒಳ್ಳೆಯ ಉದ್ದೇಶವೊಂದಿದ್ದರೆ ಸಾಲದೆ ಎಂದು ಕೇಳುವವರುಂಟು. ಅವರಿಗೆ ನಾವು ಜ್ಞಾಪಿಸುವುದು ಅಮೆರಿಕೆಯ ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದ ಚಿತ್ರವನ್ನು. ಕ್ಯಾಲಿಫೋರ್ನಿಯದ ಬಟಾಣಿ ಹೊಲದ ಬಳಿಯ ಡೇರೆಯಲ್ಲಿ ಮಕ್ಕಳೊಡನೆ ಕುಳಿತ ತಾಯಿಯೊಬ್ಬಳ ಚಿತ್ರ ಅದು. ಅದನ್ನು ಪತ್ರಿಕೆಯಲ್ಲಿ ಕಂಡ ಸರ್ಕಾರ ಆ ಬಿಡಾರಕ್ಕೆ ಆಹಾರವನ್ನು ಕಳುಹಿಸಿತು. ಲೋಕ ಆ ಮುಖವನ್ನು ಬಡತನದ ಪ್ರತಿಮೆಯೆಂದು ಕೊಂಡಾಡಿತು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬವಳೆಂದು ಹೊರಕ್ಕೆ ತಿಳಿದದ್ದು 1978ರಲ್ಲಿ, ನಲವತ್ತೆರಡು ವರ್ಷಗಳ ಮೇಲೆ. ತನ್ನ ಹೆಸರನ್ನು ಕೇಳಲಿಲ್ಲವೆಂದೂ, ಆ ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲವೆಂದೂ, ಅದನ್ನು ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತೆಂದೂ ಆಕೆ ಹೇಳಿಕೊಂಡಳು. ಲ್ಯಾಂಗ್ ದುರುದ್ದೇಶದವಳಲ್ಲ, ಚಿತ್ರವೂ ಶ್ರೇಷ್ಠವಾದದ್ದೇ. ಆದರೆ ಆ ತಾಯಿಯ ಮಾತನ್ನು ಕೇಳಿದ ಮೇಲೆ ಆ ಚಿತ್ರವನ್ನು ಮೊದಲಿನಂತೆ ನೋಡುವುದು ನಮಗೆ ಸಾಧ್ಯವಾಗಿಲ್ಲ.

ಕೊನೆಯದಾಗಿ, ಅಪಾಯದ ಮಾತು. ಮಂಗಳೂರಿನ ವಿಷಯವನ್ನು ಮಾತನಾಡುತ್ತ ಇದನ್ನು ಬಿಡುವುದು ಅಪ್ರಾಮಾಣಿಕತೆಯಾದೀತು. 2009ರ ಜನವರಿ 24ರಂದು ಆ ಊರಿನ ಒಂದು ಪಾನಗೃಹದಲ್ಲಿದ್ದ ತರುಣಿಯರನ್ನು ಗುಂಪೊಂದು ಹೊಡೆದು ಅಟ್ಟಿತು; ಅದು ಕ್ಯಾಮರಾಗಳ ಕಣ್ಣೆದುರಿಗೇ ನಡೆದು ದೇಶದೇಶಗಳಿಗೆ ಪ್ರಸಾರವಾಯಿತು. ಹಿಂಸೆಯನ್ನು ಲೋಕಕ್ಕೆ ತೋರಿಸಿದ್ದೂ ಕ್ಯಾಮರಾವೇ, ಪೆಟ್ಟು ತಿಂದವರ ಮುಖವನ್ನು ಮನೆಮನೆಗೆ ಮುಟ್ಟಿಸಿದ್ದೂ ಕ್ಯಾಮರಾವೇ. ಸಂಜೆ ಪಣಂಬೂರಿನ ಅಥವಾ ತಣ್ಣೀರುಬಾವಿಯ ಮರಳಿನಲ್ಲಿ ಒಬ್ಬ ಹುಡುಗನೂ ಒಬ್ಬ ಹುಡುಗಿಯೂ ಕಡಲಿಗೆ ಮುಖಮಾಡಿ ಕುಳಿತಿರುತ್ತಾರೆ. ಹಿಂದಿನಿಂದ ನೋಡುವವನಿಗೆ ಬಹು ಸುಂದರವಾದ ಚಿತ್ರ. ಅವರ ಹೆಸರು ಯಾವ ಧರ್ಮದವೆಂದು ನಮಗೆ ತಿಳಿಯದು, ತಿಳಿಯಬೇಕಾದ ಅಗತ್ಯವೂ ಇಲ್ಲ. ಆದರೆ ಅದನ್ನು ತಿಳಿಯಬೇಕೆಂದು ಹಟತೊಟ್ಟವರು ಇದ್ದಾರೆ. ಒಂದು ಫೋನಿನಿಂದ ಇನ್ನೊಂದು ಫೋನಿಗೆ ಹಾರುವ ಚಿತ್ರ ಅವರ ಕೈಗೆ ಸಿಕ್ಕಲು ಗಂಟೆ ಬೇಕಾಗಿಲ್ಲ. ಅನೇಕ ಫೋನುಗಳು ಚಿತ್ರದೊಳಗೆ ತಾರೀಖನ್ನೂ ಹೊತ್ತನ್ನೂ ಸ್ಥಳವನ್ನೂ ಗುಪ್ತವಾಗಿ ಬರೆದಿಟ್ಟಿರುತ್ತವೆಂಬುದನ್ನು ಬಹುಮಂದಿ ಬಲ್ಲರೋ ಇಲ್ಲವೋ. ಅಂಥ ಜೋಡಿಯನ್ನು ಕಂಡರೆ ನಾವು ಕ್ಯಾಮರಾವನ್ನು ಚೀಲಕ್ಕೆ ಹಾಕಿ ಮುಂದೆ ನಡೆಯುತ್ತೇವೆ. ಒಳ್ಳೆಯ ಚಿತ್ರವೊಂದು ಹೋಯಿತಲ್ಲಾ ಎಂದು ಶಿಷ್ಯರೊಬ್ಬರು ಮರುಗಿದರು. ಹೋಗಲಿ ಎಂದೆವು.

ಇಷ್ಟೆಲ್ಲ ನಿಬಂಧನೆಗಳಿದ್ದರೆ ಈ ಗೊಡವೆಯೇ ಬೇಡವೆಂದು ತಾವು ಅಂದುಕೊಳ್ಳಬಾರದು. ತೆಗೆಯದೇ ಬಿಟ್ಟರೆ ಆಗುವ ನಷ್ಟವೂ ಸಣ್ಣದಲ್ಲ. ಮಂಗಳೂರು ಹಂಚು ಎಂಬ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬಾತ 1865ರಲ್ಲಿ ಹೊಳೆದಂಡೆಯ ಜೇಡಿಯಿಂದ ಆ ಹಂಚನ್ನು ಮಾಡುವ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ, ಅದು ಹಡಗೇರಿ ಕಡಲಾಚೆಗೆ ಹೋಯಿತು. ಘಟ್ಟ ಹತ್ತಿ ನಮ್ಮ ಶಾಲೆಗಳ ಮೇಲೂ ರೈಲ್ವೆ ನಿಲ್ದಾಣಗಳ ಮೇಲೂ ಕುಳಿತಿತು. ಈಗ ತೌರೂರಿನಲ್ಲೇ ಅದರ ಮಾಡುಗಳು ಒಂದೊಂದಾಗಿ ಇಳಿಯುತ್ತಿವೆ. ದೊಡ್ಡ ಚರ್ಚುಗಳಿಗೂ ದೇವಸ್ಥಾನಗಳಿಗೂ ಚಿತ್ರ ತೆಗೆಯುವವರು ಸಾಲದೆ ಬರುವುದಿಲ್ಲ. ಉಗ್ರಾಣದ ಹಂಚಿಗೆ, ಹಂಚಿನ ಕೆಳಗಿನ ಗಾಜಿನ ಬೆಳಕಿಂಡಿಗೆ, ಆ ಬೆಳಕಿನಲ್ಲಿ ಮೆಣಸು ತೂಗುವ ಮುದುಕನಿಗೆ ಯಾರು ದಿಕ್ಕು?

ಬಂದರಿನ ಒಂದು ಓಣಿಯಲ್ಲಿ ಹಗ್ಗ ಮತ್ತು ಬಲೆಯ ಸಾಮಾನು ಮಾರುವ ಹಂಚಿನ ಅಂಗಡಿಯೊಂದನ್ನು ನಾವು ಮಳೆಯ ಮಧ್ಯಾಹ್ನದಲ್ಲಿ, ಹೆಚ್ಚಿನ ಯೋಚನೆಯಿಲ್ಲದೆ, ಒಂದು ಚಿತ್ರ ತೆಗೆದಿದ್ದೆವು. ಎರಡು ವರ್ಷಗಳ ಮೇಲೆ ಅದೇ ಓಣಿಗೆ ಹೋದಾಗ ಅಲ್ಲಿ ಸಿಮೆಂಟಿನ ಕಂಬಗಳು ಎದ್ದಿದ್ದವು. ಯಜಮಾನರು ಎದುರಿನ ಬಾಡಿಗೆಯ ಕೋಣೆಯಲ್ಲಿ ವ್ಯಾಪಾರ ನಡೆಸುತ್ತಿದ್ದರು. ಹಳೆಯ ಚಿತ್ರವನ್ನು ಕೈಗಿತ್ತೆವು. ಅವರು ಕನ್ನಡಕವನ್ನು ಹುಡುಕಿ ಹಾಕಿಕೊಂಡು ಬಹಳ ಹೊತ್ತು ನೋಡಿ, "ಕೆಡಹುವಾಗ ಒಂದು ಪಟ ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ ಸರ್" ಎಂದರು. ಆಮೇಲೆ ಬೆರಳಿಟ್ಟು, ಬಾಗಿಲಿನ ಒಳಗೆ, ಕತ್ತಲೆಯಲ್ಲಿ, ನಮ್ಮ ಕಣ್ಣಿಗೆ ಅದುವರೆಗೆ ಬೀಳದಿದ್ದ ಒಂದು ಮರದ ಪೆಟ್ಟಿಗೆಯನ್ನು ತೋರಿಸಿದರು. ಅವರ ತಂದೆಯವರು ಲೆಕ್ಕ ಬರೆಯುತ್ತಿದ್ದದ್ದು ಅದರ ಮೇಲೆ. ತಮಗೊಂದು ಪ್ರತಿ, ಮುಂಬಯಿಯಲ್ಲಿರುವ ತಮ್ಮನಿಗೊಂದು ಪ್ರತಿ ಬೇಕೆಂದು ಕೇಳಿ, ವಿಳಾಸವನ್ನು ಹಗ್ಗದ ಅಂಗಡಿಯ ರಸೀತಿಯ ಹಿಂಬದಿಯಲ್ಲಿ ಬರೆದುಕೊಟ್ಟರು. ಎರಡನ್ನೂ ಅಂಚೆಯಲ್ಲಿ ಕಳುಹಿಸಿದ್ದೇವೆ.